ಇಂದಿನ ಧಮ್ಮ ಚಿಂತನೆ: ಕಡಲು ಸೇರಿದ ಹೊಳೆಯ ಹೆಸರು

 



ಈ ವಾರ ನಮ್ಮ ಓದಿಗೆ ಇಟ್ಟುಕೊಂಡಿರುವುದು ಅಂಗುತ್ತರ ನಿಕಾಯದ ಎಂಟರ ಗುಂಪಿನಲ್ಲಿ ಬರುವ ಪಹಾರಾದ ಸುತ್ತ. ಭಗವಾನ್ ಬುದ್ಧರು ವೇರಂಜದಲ್ಲಿದ್ದಾಗ ಪಹಾರಾದನೆಂಬ ಅಸುರರ ಒಡೆಯ ಅವರನ್ನು ಕಾಣಲು ಬರುತ್ತಾನೆ. ಭಗವಾನರು ಅವನಿಗೆ ಉಪದೇಶ ಮಾಡಲು ತೊಡಗುವುದಿಲ್ಲ. ನಿಮ್ಮವರಿಗೆ ಮಹಾಸಮುದ್ರ ಅಂದರೆ ಇಷ್ಟವೇ, ಅಲ್ಲಿ ಏನು ಕಂಡು ಇಷ್ಟಪಡುತ್ತೀರಿ ಎಂದು ಕೇಳುತ್ತಾರೆ. ಅವನು ಎಂಟು ಗುಣಗಳನ್ನು ಹೇಳುತ್ತಾನೆ. ಆಮೇಲೆ ಅದೇ ಎಂಟು ಗುಣ ಧಮ್ಮದಲ್ಲಿ ಹೇಗಿವೆ ಎಂದು ಭಗವಾನರು ವಿವರಿಸುತ್ತಾರೆ. ಪುರಾಣಗಳಲ್ಲಿ ಅಸುರನಿಗೆ ಸಾಯುವುದೊಂದೇ ಕೆಲಸ. ಇಲ್ಲಿ ಅಸುರ ಮಾತಾಡುತ್ತಾನೆ, ಬುದ್ಧರು ಕೇಳಿಸಿಕೊಳ್ಳುತ್ತಾರೆ. ಪಾಠ ಮಾಡಿ ಬದುಕುವ ನನ್ನಂಥವರು ಇದನ್ನು ಗಮನಿಸಬೇಕು.

ಸುತ್ತಗಳಲ್ಲಿ ಭಗವಾನರು ನಡೆದಾಡಿದ ಊರುಗಳೆಲ್ಲ ಹೆಚ್ಚುಕಡಿಮೆ ಗಂಗಾ ಬಯಲಿನವು, ಕಡಲಿನಿಂದ ಬಹಳ ದೂರ. ಬಹುಶಃ ಅದಕ್ಕೇ ಕಡಲನ್ನು ಬಲ್ಲವನನ್ನು ಕೇಳಿದರು. ನಮ್ಮ ಬಳಗದಲ್ಲೂ ಅರ್ಧ ಜನ ಕಡಲು ನೋಡಿರಲಿಲ್ಲ. ಹಾಗಾಗಿ ಕಳೆದ ಜನವರಿಯಲ್ಲಿ ಹನ್ನೊಂದು ಮಂದಿ ಒಂದು ಟೆಂಪೊ ಮಾಡಿಕೊಂಡು ಗೋಕರ್ಣದ ಕಡೆಗೆ ಹೋದೆವು.

ಗೋಕರ್ಣ ಅಂದಕೂಡಲೇ ಒಬ್ಬರು ಹುಬ್ಬೇರಿಸಿದ್ದರು: ಬೌದ್ಧರಿಗೆ ಅಲ್ಲೇನು ಕೆಲಸ? ನಾವು ಹೋದದ್ದು ದೇವಸ್ಥಾನಕ್ಕಲ್ಲ. ಅದೂ ಅಲ್ಲದೆ ಈ ಕರಾವಳಿ ಬುದ್ಧರಿಗೆ ಹೊಸದೇನಲ್ಲ. ಇದೇ ಕಡಲ ದಂಡೆಯಲ್ಲಿ ತೆಂಕಣಕ್ಕೆ ಮಂಗಳೂರಿನ ಕದ್ರಿ ಇದೆ. ಅಲ್ಲಿನ ವಿಹಾರದಲ್ಲಿ ಆಳುಪರ ದೊರೆ ಕುಂದವರ್ಮ ಲೋಕೇಶ್ವರನ ಕಂಚಿನ ವಿಗ್ರಹ ಇರಿಸಿದ ಬಗ್ಗೆ 968ರ ಶಾಸನವಿದೆ. ಕದ್ರಿಗೆ ಹೋದವರು ಆ ವಿಗ್ರಹವನ್ನು ನಿಂತು ನೋಡಿ ಬನ್ನಿ.

ಓಂ ಬೀಚಿನವರೆಗೆ ಗಾಡಿ ಹೋಗುತ್ತದೆ, ಜನವೂ ಅಲ್ಲಿಯವರೆಗೇ. ಅಲ್ಲಿಂದ ದಕ್ಷಿಣಕ್ಕೆ ಗುಡ್ಡದ ಅಂಚಿನ ಕಾಲುದಾರಿ ಹಿಡಿದು ಅರ್ಧ ಗಂಟೆ ನಡೆದರೆ ಹಾಫ್ ಮೂನ್ ಎಂದು ಕರೆಯುವ ಸಣ್ಣ ತೀರ ಸಿಗುತ್ತದೆ. ಎರಡೂ ಕಡೆ ಬಂಡೆ ಚಾಚಿಕೊಂಡು ನಡುವೆ ಅರ್ಧಚಂದ್ರದಷ್ಟು ಮರಳು. ನಾವು ಬೆಳಗ್ಗೆ ಏಳೂವರೆಗೆ ತಲುಪಿದಾಗ ಅಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ಮೊಬೈಲಿಗೆ ಸಿಗ್ನಲ್ ಸಿಗಲಿಲ್ಲ, ಅದೂ ಒಳ್ಳೆಯದೇ ಆಯಿತು. ಹೋಗುವವರಿದ್ದರೆ ಮಳೆಗಾಲ ಬೇಡ. ಬಂಡೆ ಜಾರುತ್ತದೆ, ನೀರಿನ ಸೆಳೆತವೂ ಜೋರು.

ಕನ್ನಡದಲ್ಲಿ ವಿವೇಕ ಎಂದರೆ ಒಳ್ಳೆಯದು ಕೆಟ್ಟದ್ದನ್ನು ಬೇರ್ಪಡಿಸಿ ತಿಳಿಯುವ ಬುದ್ಧಿ. ಪಾಲಿಯಲ್ಲಿ ಅದೇ ಮಾತಿಗೆ ಏಕಾಂತ, ಗದ್ದಲದಿಂದ ದೂರ ಸರಿದಿರುವುದು ಎಂಬ ಅರ್ಥ. ದೇಹದ ಏಕಾಂತ ಒಂದು, ಚಿತ್ತದ ಏಕಾಂತ ಇನ್ನೊಂದು ಎಂದು ಹಳೆಯ ವಿವರಣೆಗಳಲ್ಲಿ ಭೇದ ಮಾಡಿದ್ದಾರೆ. ಅರ್ಧ ಗಂಟೆ ನಡೆದರೆ ಮೊದಲನೆಯದು ಸಿಗುತ್ತದೆ. ಎರಡನೆಯದು ಅಷ್ಟು ಸುಲಭವಲ್ಲ ಅನ್ನುವುದಕ್ಕೆ ಸಾಕ್ಷಿ ನಮ್ಮ ಟೆಂಪೊದಲ್ಲೇ ಇತ್ತು, ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ಜೊತೆ ಪೌರಕಾರ್ಮಿಕರಾಗಿ ದುಡಿದು ನಿವೃತ್ತರಾದ ಒಬ್ಬ ತಾಯಿ ಬಂದಿದ್ದರು. ಅರವತ್ತೆರಡು ವರ್ಷ, ಕಡಲು ನೋಡಿದ್ದು ಅದೇ ಮೊದಲು. ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ ನೀರಿಗಿಳಿದವರು ಬೊಗಸೆಯಲ್ಲಿ ನೀರೆತ್ತಿ ಬಾಯಿಗೆ ಹಾಕಿಕೊಂಡು ಮುಖ ಕಿವುಚಿದರು. "ಇಷ್ಟೊಂದು ಹೊಳೆ ಬಂದು ಬೀಳ್ತಾವಲ್ಲ, ಒಂದಾದ್ರೂ ಇದನ್ನ ಸಿಹಿ ಮಾಡಕ್ಕಾಗಲಿಲ್ವಾ?" ಎಂದು ಕೇಳಿದರು. ಪಹಾರಾದ ಹೇಳುವ ಆರನೆಯ ಗುಣ ಇದೇ: ಕಡಲಿಗೆ ಒಂದೇ ರುಚಿ, ಉಪ್ಪಿನ ರುಚಿ. ಧಮ್ಮಕ್ಕೂ ಒಂದೇ ರುಚಿ, ಬಿಡುಗಡೆಯ ರುಚಿ. ಸುತ್ತವನ್ನು ಓದದೆ ಆ ತಾಯಿ ಅದರ ನಡುಮಧ್ಯಕ್ಕೆ ಬಂದಿದ್ದರು.

ಮೂರನೆಯ ಗುಣ ಕಣ್ಣಿಗೇ ಕಂಡಿತು. ಕಡಲು ಹೆಣವನ್ನು ಇಟ್ಟುಕೊಳ್ಳುವುದಿಲ್ಲ, ದಡಕ್ಕೆ ತಂದು ಹಾಕುತ್ತದೆ. ಅಂಥ ನಿರ್ಜನ ತೀರದಲ್ಲೂ ಉಬ್ಬರದ ಗೆರೆಯುದ್ದಕ್ಕೂ ಬಾಟಲಿ, ಹರಿದ ಬಲೆ, ಥರ್ಮೋಕೋಲು, ಒಂಟಿ ಚಪ್ಪಲಿಗಳು. ಜೋಡಿ ಒಂದೂ ಇಲ್ಲ! ಹುಡುಗರು ಎರಡು ಚೀಲ ತುಂಬಿಸಿ ಹೊತ್ತು ತಂದರು. ಶೀಲವಿಲ್ಲದವನು ಸಂಘದ ನಡುವೆ ಕೂತಿದ್ದರೂ ಸಂಘದಿಂದ ದೂರವೇ ಎಂದು ಭಗವಾನರು ಇದಕ್ಕೆ ಅರ್ಥ ಹೇಳುತ್ತಾರೆ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ನಾಲ್ಕನೆಯ ಗುಣದ ಬಗ್ಗೆ. ಗಂಗಾ, ಯಮುನಾ, ಅಚಿರವತಿ, ಸರಭೂ, ಮಹೀ, ಈ ಮಹಾನದಿಗಳು ಕಡಲನ್ನು ಸೇರಿದ ಮೇಲೆ ತಮ್ಮ ಹಿಂದಿನ ಹೆಸರು ಬಿಡುತ್ತವೆ. ಹಾಗೆಯೇ ನಾಲ್ಕು ವರ್ಣದವರೂ ಸಂಘಕ್ಕೆ ಬಂದ ಮೇಲೆ ಹಳೆಯ ಹೆಸರು, ಗೋತ್ರ ಬಿಟ್ಟು ಶಾಕ್ಯಪುತ್ರರ ಶ್ರಮಣರು ಅಷ್ಟೇ ಆಗುತ್ತಾರೆ. ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಸಂಘದ ಬಗ್ಗೆ ಬರೆಯುವಾಗ ಈ ಹೋಲಿಕೆಯನ್ನು ತರುತ್ತಾರೆ. ನಾಗಪುರದಲ್ಲಿ ದೀಕ್ಷೆಯ ಮರುದಿನ, 1956ರ ಅಕ್ಟೋಬರ್ 15ರ ಭಾಷಣದಲ್ಲೂ ಕಡಲಿನ ಮಾತು ಬರುತ್ತದೆ. ಲಕ್ಷಾಂತರ ಜನ ಹಿಂದಿನ ದಿನವಷ್ಟೇ ಹಳೆಯ ಧರ್ಮ ಬಿಟ್ಟು ಬಂದಿದ್ದರು. ಅವರಿಗೆ ಬಾಬಾಸಾಹೇಬರು ಈ ಹೋಲಿಕೆಯನ್ನು ನೆನಪಿಸಿದರು ಎಂಬುದನ್ನು ಮರೆಯಬಾರದು.

ಟೆಂಪೊದಲ್ಲಿ ನಡೆದದ್ದನ್ನು ಈಗ ಹೇಳುತ್ತೇನೆ. ಘಟ್ಟ ಇಳಿಯುವಾಗ ಹಿಂದಿನ ಸೀಟಿನ ಹಿರಿಯರೊಬ್ಬರು ಹೊಸದಾಗಿ ಬಳಗಕ್ಕೆ ಬಂದ ಹುಡುಗನನ್ನು ಮೆಲ್ಲಗೆ ಕೇಳಿದರು: "ನೀವು ನಮ್ಮವರೋ, ಆ ಕಡೆಯವರೋ?" ಹುಡುಗ "ಬೌದ್ಧರು" ಅಂದ. "ಅದು ಗೊತ್ತಪ್ಪ, ಅದಕ್ಕೆ ಮುಂಚೆ?" ಎಡಗೈಯೋ ಬಲಗೈಯೋ ಎಂಬುದು ಅವರ ಪ್ರಶ್ನೆ. ಕೇಳಿದವರು ಕೆಟ್ಟವರಲ್ಲ, ಇಪ್ಪತ್ತು ವರ್ಷದಿಂದ ತ್ರಿಸರಣ ಹೇಳುತ್ತಿರುವವರು. ಅದೇ ನನಗೆ ಹೆಚ್ಚು ಚಿಂತೆಯ ವಿಷಯ. ನನಗೆ ತಿಳಿದಿರುವ ಎರಡು ಮನೆಗಳಿವೆ. ಎರಡರಲ್ಲೂ ಬುದ್ಧರ, ಬಾಬಾಸಾಹೇಬರ ಫೋಟೊ. ಒಂದು ಮನೆಯ ಹುಡುಗಿ, ಇನ್ನೊಂದು ಮನೆಯ ಹುಡುಗ ಮದುವೆಯಾಗಬೇಕೆಂದಿದ್ದಾರೆ. ಎರಡು ವರ್ಷದಿಂದ ಮಾತುಕತೆ ನಿಂತಿರುವುದು ಇದೇ "ಅದಕ್ಕೆ ಮುಂಚೆ"ಯ ಮೇಲೆ. ಹೆಸರು ಬೇಡ, ಊರು ಬೇಡ. ಓದುತ್ತಿರುವ ಹಲವರಿಗೆ ಇದು ತಮ್ಮ ಊರಿನ ಕಥೆಯೇ ಅನ್ನಿಸಬಹುದು.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಬರುತ್ತದೆ. ಹೆಸರೆಲ್ಲ ಬಿಟ್ಟರೆ ಪ್ರಮಾಣಪತ್ರದಲ್ಲಿ ಏನು ಬರೆಸುವುದು? ಮಕ್ಕಳ ಓದು, ಕೆಲಸ ಏನಾಗುವುದು? 1956ರ ನಂತರ ಮೂರು ದಶಕಕ್ಕೂ ಹೆಚ್ಚು ಕಾಲ ಬೌದ್ಧರಾದವರಿಗೆ ಪರಿಶಿಷ್ಟ ಜಾತಿಯ ಸೌಲಭ್ಯ ಸಿಗಲಿಲ್ಲ. 1990ರ ತಿದ್ದುಪಡಿ ಬಂದ ಮೇಲೆ ಸಿಕ್ಕಿತು. ಎಷ್ಟು ಜನ ದೀಕ್ಷೆ ಪಡೆದೂ ಕಾಗದದಲ್ಲಿ ಹಿಂದೂ ಎಂದೇ ಉಳಿದರು ಎಂಬುದು ನಮ್ಮ ಹಿರಿಯರಿಗೆ ಗೊತ್ತು. ಈಗ 2024ರ ಆಗಸ್ಟ್ 1ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಒಳಮೀಸಲಾತಿಯ ಲೆಕ್ಕ ಬಂದು, ಒಳಜಾತಿಯ ಹೆಸರನ್ನೂ ಖಚಿತವಾಗಿ ಬರೆಸಬೇಕಾಗಿದೆ. ಹಿಂದೆ ಬಿದ್ದವರಿಗೆ ಪಾಲು ಸಿಗಲು ಅದು ಬೇಕು, ಬರೆಸಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ಹಾಗಾದರೆ ಕಡಲಿನ ಹೋಲಿಕೆ ಸುಳ್ಳೇ?

ಉತ್ತರ ನನಗೆ ಹೊಳೆದದ್ದು ಆ ಮಧ್ಯಾಹ್ನ, ಗೋಕರ್ಣದಿಂದ ತದಡಿಯ ಕಡೆಗೆ ಹೋದಾಗ. ಅಲ್ಲಿ ಅಘನಾಶಿನಿ ಕಡಲು ಸೇರುತ್ತದೆ. ಶಿರಸಿಯಲ್ಲಿ ಹುಟ್ಟಿ, ಒಂದು ಅಣೆಕಟ್ಟೂ ಇಲ್ಲದೆ ಹರಿದು ಬರುವ ಹೊಳೆ. ಅಘ ಎಂದರೆ ಪಾಪ, ಅಘನಾಶಿನಿ ಎಂದರೆ ಪಾಪ ಕಳೆಯುವವಳು. ಅಷ್ಟು ದೊಡ್ಡ ಹೆಸರನ್ನೂ ಕಡಲು ಇಟ್ಟುಕೊಳ್ಳುವುದಿಲ್ಲ. ಆದರೆ ಹೆಸರು ಹೋಗುವುದು ಒಂದು ಗೆರೆ ದಾಟಿದ ಕೂಡಲೇ ಅಲ್ಲ. ದಿನಕ್ಕೆರಡು ಸಲ ಉಬ್ಬರ ಬಂದಾಗ ಉಪ್ಪುನೀರು ಹೊಳೆಯೊಳಗೆ ಮೈಲಿಗಟ್ಟಲೆ ಏರುತ್ತದೆ, ಇಳಿತದಲ್ಲಿ ಹಿಂದೆ ಸರಿಯುತ್ತದೆ. ಈ ಅಳಿವೆ ಪೂರ್ತಿ ಹೊಳೆಯೂ ಅಲ್ಲ, ಪೂರ್ತಿ ಕಡಲೂ ಅಲ್ಲ. 2024ರಲ್ಲಿ ಇದನ್ನು ರಾಮ್‌ಸರ್ ತಾಣವೆಂದು ಗುರುತಿಸಿದರು. ಇಲ್ಲಿನ ಕೆಸರಿನಲ್ಲಿ ಹೆಂಗಸರು ಬಳಚು ಆರಿಸುತ್ತಾರೆ. ಗಜನಿ ಎಂಬ ತಗ್ಗು ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಬೇರೆ ಭತ್ತ ಸುಟ್ಟುಹೋಗುವ ಉಪ್ಪನ್ನು ಅದು ತಡೆದುಕೊಳ್ಳುತ್ತದೆ.

ನಾವಿರುವುದು ಅಳಿವೆಯಲ್ಲಿ ಎಂದು ನನ್ನ ತಿಳುವಳಿಕೆ. ತಹಶೀಲ್ದಾರರ ಕಚೇರಿಯ ಕಡೆ ಮುಖ ಮಾಡಿದಾಗ ಹೊಳೆಯ ಹೆಸರು ಹೇಳಲೇಬೇಕು. ಆ ಹೆಸರಿನ ಮೇಲೆಯೇ ನಮ್ಮವರನ್ನು ತುಳಿದದ್ದು, ಆ ಹೆಸರಿನ ಮೇಲೆಯೇ ಬಾಕಿ ವಸೂಲಾಗಬೇಕು. ವಿಹಾರದ ಕಡೆ, ಮದುವೆಯ ಮಾತಿನ ಕಡೆ ಮುಖ ಮಾಡಿದಾಗ ಅದೇ ಹೆಸರಿಗೆ ಕೆಲಸವಿಲ್ಲ. ಸುತ್ತದ ಮೊದಲನೆಯ ಗುಣವೂ ಇಲ್ಲಿ ಕೂಡಿಕೊಳ್ಳುತ್ತದೆ. ಕಡಲು ಕ್ರಮಕ್ರಮವಾಗಿ ಆಳವಾಗುತ್ತದೆ, ಒಮ್ಮೆಲೇ ಪ್ರಪಾತವಾಗುವುದಿಲ್ಲ. ಧಮ್ಮದ ಶಿಕ್ಷಣವೂ ಹಾಗೆ ಎಂದರು ಭಗವಾನರು. ಆದರೆ ಕ್ರಮಕ್ರಮವಾಗಿ ಎಂದರೆ ಮೊಣಕಾಲುದ್ದ ನೀರಿನಲ್ಲೇ ಎಪ್ಪತ್ತು ವರ್ಷ ನಿಲ್ಲುವುದು ಎಂದಲ್ಲ.

ಅಳಿವೆಯ ಬದಿಯಲ್ಲೇ ಸಾಣಿಕಟ್ಟಾದ ಉಪ್ಪಿನ ಆಗರಗಳಿವೆ. ಉಪ್ಪುನೀರನ್ನು ಪಾತಿಗಳಿಗೆ ಬಿಟ್ಟು ಬಿಸಿಲಿಗೆ ಒಣಗಿಸಿ ಉಪ್ಪು ಎಳೆಯುತ್ತಾರೆ. ತಲೆತಲಾಂತರದಿಂದ ಈ ಕೆಲಸ ಮಾಡಿಕೊಂಡು ಬಂದವರಲ್ಲಿ ಆಗೇರ ಸಮುದಾಯವಿದೆ, ಆಗರದಿಂದಲೇ ಬಂದ ಹೆಸರು. ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ನಮ್ಮ ಜೊತೆಗೇ ಇದ್ದಾರೆ. 1930ರ ಅಂಕೋಲದ ಉಪ್ಪಿನ ಸತ್ಯಾಗ್ರಹವನ್ನು ಮಕ್ಕಳಿಗೆ ಪಾಠ ಹೇಳುತ್ತೇವೆ, ಉಪ್ಪು ಎಳೆದ ಕೈಗಳ ಬಗ್ಗೆ ಪಾಠವಿಲ್ಲ. ಅದಕ್ಕೆ ಮೂರು ವರ್ಷ ಮೊದಲು, 1927ರ ಮಾರ್ಚ್ 20ರಂದು, ಬಾಬಾಸಾಹೇಬರು ಮಹಾಡದ ಚವದಾರ ಕೆರೆಗೆ ಇಳಿದು ನೀರು ಮುಟ್ಟಿದರು. ಒಂದು ಕೆರೆಯ ಸಿಹಿನೀರು ಮುಟ್ಟುವುದಕ್ಕೆ ಅಷ್ಟು ದೊಡ್ಡ ಹೋರಾಟ ಬೇಕಾಯಿತು. ಕೆರೆಯ ದಡದಲ್ಲಿ ನಿಂತು "ನೀನು ಯಾರವನು" ಎಂದು ಕೇಳಿದವರ ಪ್ರಶ್ನೆಯನ್ನೇ ನಾವು ನಮ್ಮೊಳಗೆ, ಮೆತ್ತಗಿನ ದನಿಯಲ್ಲಿ, ಕೇಳುತ್ತಿದ್ದೇವೆ.

'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ಸಹಭೋಜನ ಸಾಲದು, ಜಾತಿಯನ್ನು ನಿಜವಾಗಿ ಕರಗಿಸುವುದು ಅಂತರ್ಜಾತಿ ವಿವಾಹ ಎಂದು 1936ರಲ್ಲೇ ಹೇಳಿದರು. ಸವರ್ಣರಿಗೆ ಹೇಳಿದ ಮಾತು ಎಂದುಕೊಂಡು ನಾವು ಅದನ್ನು ವೇದಿಕೆಯಲ್ಲಿ ಉದ್ಧರಿಸುತ್ತೇವೆ. ನಮ್ಮ ಸಮಾಜ ಕಲ್ಯಾಣ ಇಲಾಖೆಯಲ್ಲಿ ಪರಿಶಿಷ್ಟ ಜಾತಿಯ ಒಳಪಂಗಡಗಳ ನಡುವಿನ ಮದುವೆಗೂ ಪ್ರೋತ್ಸಾಹಧನದ ಯೋಜನೆ ಇದೆ. ಹಣ ಪಡೆಯುವುದರಲ್ಲಿ ತಪ್ಪಿಲ್ಲ. ಆದರೆ ಅಂಥ ಯೋಜನೆ ಬೇಕಾಗುವ ಸ್ಥಿತಿಯಲ್ಲಿ ನಾವಿದ್ದೇವೆ ಎಂಬುದನ್ನು ಓದಿ ಮುಂದೆ ಹೋಗಬೇಡಿ, ಒಂದು ಗಳಿಗೆ ನಿಲ್ಲಿ.

ವಾಪಸು ಬರುವಾಗ ಆ ಹುಡುಗನ ಪಕ್ಕ ನಿವೃತ್ತ ತಾಯಿ ಕೂತಿದ್ದರು. ಅವನ ಊರು, ಓದು, ಅಮ್ಮನ ಆರೋಗ್ಯ ಎಲ್ಲ ವಿಚಾರಿಸಿದರು. ಮುಂಚಿನದ್ದನ್ನು ಕೇಳಲಿಲ್ಲ. ಯಲ್ಲಾಪುರ ದಾಟುವ ಹೊತ್ತಿಗೆ ತಮ್ಮ ಬುತ್ತಿಯ ರೊಟ್ಟಿ ಬಿಚ್ಚಿ ಅವನಿಗೂ, ಹಿಂದಿನ ಸೀಟಿನ ಹಿರಿಯರಿಗೂ ಕೊಟ್ಟರು.

ಭಾನುವಾರದ ಅಧ್ಯಯನಕ್ಕೆ ಬರುವವರು ಪಹಾರಾದ ಸುತ್ತವನ್ನೂ, ಉದಾನದಲ್ಲಿ ಇದೇ ಎಂಟು ಗುಣಗಳು ಬರುವ ಉಪೋಸಥ ಸುತ್ತವನ್ನೂ ಓದಿಕೊಂಡು ಬನ್ನಿ. ಮದುವೆಗೆ ಬಂದ ಮಕ್ಕಳಿರುವ ತಂದೆತಾಯಿ ದಯವಿಟ್ಟು ಜೋಡಿಯಾಗಿ ಬನ್ನಿ.

ಭವತು ಸಬ್ಬ ಮಂಗಲಂ.