ಕಲಿಕೆಗೆ ಹಲವು ದ್ವಾರಗಳು

'ಶಿಕ್ಷಣ' ಎಂಬ ಶಬ್ದವು ವಿದ್ಯೆಯನ್ನು ಪಡೆಯುವುದು ಎಂಬ ಅರ್ಥವುಳ್ಳ 'ಶಿಕ್ಷ್' ಧಾತುವಿನಿಂದ ಉತ್ಪನ್ನವಾದುದು. ಆರು ವೇದಾಂಗಗಳಲ್ಲಿ ಒಂದಾದ 'ಶಿಕ್ಷಾ' ಎಂಬುದು ಅಕ್ಷರವನ್ನು ಬರೆಯುವ ಶಾಸ್ತ್ರವಲ್ಲ. ವರ್ಣಗಳನ್ನು ಶುದ್ಧವಾಗಿ ಉಚ್ಚರಿಸುವ ಶಾಸ್ತ್ರ. ನಮ್ಮ ದೇಶದಲ್ಲಿ ವಿದ್ಯೆಯು ಬಹುಕಾಲ ಕಿವಿಯ ದ್ವಾರದಿಂದಲೇ ಒಳಹೊಕ್ಕಿತೆಂಬುದಕ್ಕೆ ಇದೊಂದು ಸಾಕ್ಷಿ. ಗುರುಮುಖದಿಂದ ಕೇಳಿ, ಒಪ್ಪಿಸಿ, ಕಂಠಸ್ಥ ಮಾಡಿಕೊಂಡ ಬಳಿಕ ಓಲೆಯ ಮಾತು. ಹದಿಮೂರನೆಯ ಶತಮಾನದ ಕೇಶಿರಾಜನು ಕನ್ನಡ ವ್ಯಾಕರಣದ ಸೂತ್ರಗಳನ್ನು ಕಂದಪದ್ಯಗಳಲ್ಲಿ ಹೇಳಿದನು. ಕಂದವು ನಾಲಗೆಗೆ ಹತ್ತುತ್ತದೆ, ನೆನಪಿನಲ್ಲಿ ನಿಲ್ಲುತ್ತದೆ.

ಇಂದು ಆ ಸ್ಥಾನವನ್ನು ಕರಿಹಲಗೆಯೂ ಮುದ್ರಿತ ಪುಸ್ತಕವೂ ಪಡೆದಿವೆ. ಇದರಿಂದಾದ ಲಾಭ ಅಪಾರವೇ ಸರಿ. ಆದರೆ ಹಲಗೆಯೊಂದೇ ವಿದ್ಯೆಯ ಬಾಗಿಲೆಂದು ನಾವು ಬಗೆದಾಗ, ಆ ಬಾಗಿಲಿನಿಂದ ಬರಲಾರದ ಮಗುವನ್ನು ದಡ್ಡನೆಂದು ಕರೆಯುವ ಅನ್ಯಾಯ ನಡೆದುಹೋಗುತ್ತದೆ. ಕನ್ನಡದಲ್ಲಿ 'ಶಿಕ್ಷೆ' ಎಂಬುದಕ್ಕೆ ದಂಡನೆಯೆಂಬ ಅರ್ಥವೂ ಉಂಟು. ಅಂತಹ ಮಗುವಿನ ಪಾಲಿಗೆ ಆ ಎರಡು ಅರ್ಥಗಳೂ ಒಂದೇ ಆಗಿಬಿಡುತ್ತವೆ.

ಮಗುವಿನಲ್ಲಿ ಏನಿಲ್ಲವೆಂದು ಎಣಿಸದೆ ಏನಿದೆಯೆಂದು ಅರಸಿದ ಒಂದು ವಿದ್ಯಾಲಯವು ನಮ್ಮ ನೆರೆಯಲ್ಲಿಯೇ ಇದೆ. ಹರ್ತಿಯಿಂದ ಗದುಗಿಗೆ ಹೋಗಿಬರುವ ನಮ್ಮವರಿಗೆ ವೀರೇಶ್ವರ ಪುಣ್ಯಾಶ್ರಮವು ಅಪರಿಚಿತವಲ್ಲ. ಆದರೆ ಪರಿಚಿತವಾದುದನ್ನು ನಾವು ವಿಚಾರಿಸಿ ನೋಡುವುದು ಕಡಿಮೆ.

ಹಾನಗಲ್ಲ ಸೀಮೆಯಲ್ಲಿ 1892ರಲ್ಲಿ ಜನಿಸಿದ ಗದಿಗೆಯ್ಯನೆಂಬ ಬಾಲಕನು ಹುಟ್ಟುಗುರುಡ. ಹಾನಗಲ್ಲ ಕುಮಾರ ಶಿವಯೋಗಿಗಳು (1867–1930) ಆತನ ಕಣ್ಣನ್ನು ನೋಡಲಿಲ್ಲ, ಕಂಠವನ್ನು ಕೇಳಿದರು. ಸಂಗೀತ ಶಿಕ್ಷಣಕ್ಕೆ ಏರ್ಪಾಡು ಮಾಡಿಸಿದರು. ಆ ಬಾಲಕನೇ ಮುಂದೆ ಹಿಂದೂಸ್ತಾನಿ, ಕರ್ನಾಟಕ ಎರಡೂ ಪದ್ಧತಿಗಳಲ್ಲಿ ಪಾರಂಗತರಾಗಿ 'ಉಭಯಗಾನ ವಿಶಾರದ'ರೆನಿಸಿದ ಪಂಚಾಕ್ಷರ ಗವಾಯಿಗಳು. ತಾವು ಪಡೆದುದನ್ನು ತಮ್ಮಂತಹವರಿಗೆ ಹಂಚಬೇಕೆಂದು ಅವರು ನಡೆಸಿದ ಸಂಗೀತ ಶಾಲೆಯು ಮೊದಲು ಊರಿಂದೂರಿಗೆ ಸಂಚರಿಸುತ್ತಿದ್ದು, ಕಡೆಗೆ ಗದುಗಿನಲ್ಲಿ ನೆಲೆಗೊಂಡಿತು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆ ಭಾರವನ್ನು ಹೊತ್ತವರು, ಎಳೆಗೂಸಾಗಿದ್ದಾಗಲೇ ದೃಷ್ಟಿಯನ್ನು ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳು (1914–2010). ಅವರು ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲಿಯೂ ಗ್ರಂಥರಚನೆ ಮಾಡಿದರು. ನಾಟಕ ಮಂಡಳಿಯನ್ನು ನಡೆಸಿ ಅದರ ಗಳಿಕೆಯಿಂದ ಆಶ್ರಮದ ಮಕ್ಕಳಿಗೆ ಅನ್ನವಿಕ್ಕಿದರು. 2010ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿ ಸಂದಿತು.

ಇಲ್ಲಿಯ ಬೋಧನಕ್ರಮವು ವಿಚಾರಯೋಗ್ಯವಾದುದು. ಸ್ವರವನ್ನು ಕೇಳಿ ಹಾಡುವುದಕ್ಕೆ ಕಣ್ಣು ಬೇಡ. ತಾಳವನ್ನು ಎಣಿಸುವುದಕ್ಕೆ ಕೈಯೇ ಸಾಕು. ಹಾರ್ಮೋನಿಯಂ ಪೇಟಿಯ ಕರಿಯ ಮನೆಗಳು ಎರಡು, ಮೂರು ಎಂದು ಗುಂಪುಗುಂಪಾಗಿ ಎದ್ದುನಿಂತಿರುವುದರಿಂದ, ತಾನು ಎಲ್ಲಿದ್ದೇನೆಂಬುದು ಬೆರಳಿಗೆ ತಾನೇ ತಿಳಿಯುತ್ತದೆ. ವಿದ್ಯೆಯನ್ನು ಇಲ್ಲಿ ತಗ್ಗಿಸಲಿಲ್ಲ; ದ್ವಾರವನ್ನು ಮಾತ್ರ ಬದಲಿಸಲಾಯಿತು. ಅಂಧರೊಡನೆ ಕಣ್ಣುಳ್ಳವರೂ ಅದೇ ಗುರುಗಳ ಮುಂದೆ ಕುಳಿತು ಕಲಿತರೆಂಬುದನ್ನೂ ಮರೆಯಲಾಗದು. ಬಸವರಾಜ ರಾಜಗುರುಗಳು ಪಂಚಾಕ್ಷರ ಗವಾಯಿಗಳ ಶಿಷ್ಯರು. ವೆಂಕಟೇಶಕುಮಾರರು ಪುಟ್ಟರಾಜರ ಶಿಷ್ಯರು.

ದೂರದ ಫ್ರಾನ್ಸ್ ದೇಶದ ಚರಿತ್ರೆಯೂ ಇದೇ ತತ್ತ್ವವನ್ನು ಸಮರ್ಥಿಸುತ್ತದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ವಾಲಾಂತಾಂ ಆಯುಯಿ ಎಂಬ ಮಹನೀಯನು ಪ್ಯಾರಿಸ್ ನಗರದಲ್ಲಿ ಅಂಧ ಬಾಲಕರಿಗಾಗಿ ಶಾಲೆಯನ್ನು ತೆರೆದು, ರೋಮನ್ ಅಕ್ಷರಗಳನ್ನೇ ಕಾಗದದ ಮೇಲೆ ಉಬ್ಬಿಸಿ ಮುದ್ರಿಸಿದನು. ಉದ್ದೇಶ ಉದಾತ್ತವಾದುದು, ಆದರೆ ಓದು ಬಹು ನಿಧಾನ. ಕಣ್ಣಿಗಾಗಿ ಹುಟ್ಟಿದ ಆಕೃತಿಯು ಬೆರಳಿಗೆ ಒಗ್ಗಲಿಲ್ಲ. ಮುಂದೆ ಅದೇ ಶಾಲೆಯಲ್ಲಿ ಕಲಿತ ಲೂಯಿ ಬ್ರೈಲ್ ಎಂಬ ಅಂಧ ಬಾಲಕನು ಬೆರಳಿಗೆ ಏನು ಬೇಕೆಂದು ವಿಚಾರಿಸಿ, ಆರು ಚುಕ್ಕೆಗಳ ಲಿಪಿಯನ್ನು 1824ರ ವೇಳೆಗೆ ರೂಪಿಸಿದನು. 1829ರಲ್ಲಿ ಅದು ಪ್ರಕಟವಾಯಿತು. ಆರೇ ಚುಕ್ಕೆಗಳಿಂದ 63 ಚಿಹ್ನೆಗಳು ಸಿದ್ಧಿಸುತ್ತವೆ.

ಸ್ವಾತಂತ್ರ್ಯಾನಂತರ 1951ರಲ್ಲಿ ನಮ್ಮ ದೇಶವು ಭಾರತೀಯ ಭಾಷೆಗಳಿಗೆಲ್ಲ ಸಾಮಾನ್ಯವಾದ ಭಾರತಿ ಬ್ರೈಲನ್ನು ಅಂಗೀಕರಿಸಿತು. ಕನ್ನಡದ ಕಕಾರಕ್ಕೂ ಹಿಂದಿಯ ಕಕಾರಕ್ಕೂ ಅಲ್ಲಿ ಚುಕ್ಕೆ ಒಂದೇ. ವ್ಯಾಕರಣಾಭ್ಯಾಸಿಗಳು ಗಮನಿಸತಕ್ಕ ಇನ್ನೊಂದು ವಿಶೇಷವಿದೆ. ಕಣ್ಣಿನ ಬರೆಹದಲ್ಲಿ ಒತ್ತಕ್ಷರವು ಮೊದಲ ಅಕ್ಷರದ ಕೆಳಗೆ ಕುಳಿತುಕೊಳ್ಳುತ್ತದೆ. ಬ್ರೈಲಿನಲ್ಲಿ ಮೇಲು ಕೆಳಗೆಂಬುದಿಲ್ಲ. ಮುಂದಿನ ವ್ಯಂಜನಕ್ಕೆ ಸ್ವರವಿಲ್ಲವೆಂಬ ಚಿಹ್ನೆಯನ್ನು ಮೊದಲಿಟ್ಟು, ವ್ಯಂಜನಗಳನ್ನೂ ಸ್ವರವನ್ನೂ ಒಂದೇ ಸಾಲಿನಲ್ಲಿ ಬರೆಯುತ್ತಾರೆ. ನಮ್ಮ ವೈಯಾಕರಣರು ಸಂಯುಕ್ತಾಕ್ಷರವನ್ನು ಬಿಡಿಸಿ ತೋರಿಸುವ ಕ್ರಮವೂ ಇಂತಹುದೇ.

ಇಷ್ಟಾದರೂ ಒಂದು ಎಚ್ಚರಿಕೆ ಅವಶ್ಯವಾಗಿದೆ. ಅಂಧ ಮಗುವೆಲ್ಲ ಗಾಯಕನಾಗಲೇಬೇಕೆಂಬ ನಿಯಮವಿಲ್ಲ. ಒಂದು ಮಗುವಿಗೆ ಗಣಿತ ಪ್ರಿಯವಾಗಬಹುದು, ಇನ್ನೊಂದಕ್ಕೆ ಇತಿಹಾಸ. ಪುಣ್ಯಾಶ್ರಮವಿದೆಯಲ್ಲ, ಅಲ್ಲಿಗೆ ಕಳುಹಿಸಿದರಾಯಿತು ಎಂದು ಊರಿನ ಶಾಲೆ ಕೈತೊಳೆದುಕೊಂಡರೆ, ಆಶ್ರಮದ ಪಾಠವನ್ನು ತಪ್ಪಾಗಿ ತಿಳಿದಂತಾಯಿತು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಇಂತಹ ಮಕ್ಕಳನ್ನು ಇತರರೊಡನೆಯೇ ಕಲಿಸಬೇಕೆಂಬ ಹೊಣೆಯನ್ನು ಶಾಲೆಗಳ ಮೇಲೆ ಹೊರಿಸಿದೆ. ಕಾನೂನು ಬಾಗಿಲನ್ನು ತೆರೆಯಬಲ್ಲದು. ಒಳಗೆ ಕರೆದು ಕೂಡಿಸಬೇಕಾದವನು ಅಧ್ಯಾಪಕ.

ಕಣ್ಣಿನ ವಿಷಯದಲ್ಲಿ ಹೇಳಿದುದು ಭಾಷೆಗೂ ಸಲ್ಲುತ್ತದೆ. ನಮ್ಮ ಜಿಲ್ಲೆಯಲ್ಲಿ ಲಂಬಾಣಿ ತಾಂಡಾಗಳು ಅನೇಕ. ತಾಯಿಯನ್ನು 'ಯಾಡಿ' ಎಂದೂ ನೀರನ್ನು 'ಪಾಣಿ' ಎಂದೂ ಕರೆಯುವ ಮಗು ಮೊದಲ ದಿನ ಶಾಲೆಗೆ ಬಂದು ಮೌನವಾಗಿ ಕುಳಿತರೆ, ಅದು ಮಾತು ಬಾರದ ಮಗುವಲ್ಲ. ನಮಗೆ ಬಾರದ ಮಾತುಳ್ಳ ಮಗು. ಲಂಬಾಣಿಯು ಆರ್ಯ ಭಾಷಾವರ್ಗಕ್ಕೂ ಕನ್ನಡವು ದ್ರಾವಿಡ ವರ್ಗಕ್ಕೂ ಸೇರಿದವು. ಆದ್ದರಿಂದ ಆ ಮಗು ದಾಟಬೇಕಾದ ಹೊಳೆ ಕಿರಿದಲ್ಲ. ನ್ಯೂಜಿಲೆಂಡಿನ ಮಾವೊರಿ ಜನರು ತಮ್ಮ ನುಡಿ ನಶಿಸುತ್ತಿರುವುದನ್ನು ಕಂಡು, 1982ರಲ್ಲಿ 'ಭಾಷೆಯ ಗೂಡು' ಎಂಬರ್ಥದ 'ಕೊಹಾಂಗ ರೇವೊ' ಶಿಶುಶಾಲೆಗಳನ್ನು ಆರಂಭಿಸಿದರು. ಅಲ್ಲಿ ಹಿರಿಯರು ಮಕ್ಕಳೊಡನೆ ತಮ್ಮ ಭಾಷೆಯಲ್ಲಿಯೇ ಮಾತನಾಡುತ್ತಾರೆ. ನಮ್ಮಲ್ಲಿಯೂ ತಾಂಡಾದ ಅಜ್ಜಿಯೊಬ್ಬಳನ್ನು ತರಗತಿಗೆ ಕರೆದು ಹಾಡಿಸಿ, ಆ ಹಾಡಿನ ಪದಗಳಿಗೆ ಕನ್ನಡದ ಪದಗಳನ್ನು ಮಕ್ಕಳಿಂದಲೇ ಹೇಳಿಸಿದರೆ, ಎರಡು ಭಾಷೆಗಳಿಗೂ ಗೌರವ ದೊರೆಯುತ್ತದೆ; ಕನ್ನಡವೂ ಬೇಗ ಬರುತ್ತದೆ.

ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ. ಹಲಗೆಯ ಮೇಲೆ ಬರೆದುದನ್ನು ಗಟ್ಟಿಯಾಗಿ ಓದಿ ಹೇಳುವುದು; ಪದ್ಯವನ್ನು ರಾಗವಾಗಿ ಹಾಡಿಸುವುದು; ಲೆಕ್ಕವನ್ನು ಹುಣಸೆಬೀಜಗಳಿಂದ ಕೈಮುಟ್ಟಿ ಕಲಿಸುವುದು; ಪರೀಕ್ಷೆಯಲ್ಲಿ ಬಾಯಿಯಿಂದ ಹೇಳಿದ ಉತ್ತರಕ್ಕೂ ಬೆಲೆ ಕೊಡುವುದು. ಇವು ಒಂದು ಮಗುವಿಗಾಗಿ ಆರಂಭವಾದರೂ ತರಗತಿಗೆಲ್ಲ ಉಪಕಾರಕ. ವಿದ್ಯಾರ್ಥಿಗಳಾದರೂ ತಮ್ಮ ಪಕ್ಕದಲ್ಲಿ ಕುಳಿತವನಿಗೆ ಪಾಠವನ್ನು ಓದಿ ಹೇಳುವುದನ್ನು ಉಪಕಾರವೆಂದು ಎಣಿಸದೆ ತಮ್ಮ ಅಭ್ಯಾಸವೆಂದೇ ತಿಳಿಯಬೇಕು. ಓದಿ ಹೇಳುವವನಿಗೂ ಪಾಠ ಎರಡು ಸಲ ಆಗುತ್ತದೆ.

ಗದಿಗೆಯ್ಯನ ಕಂಠವನ್ನು ಯಾರೂ ಕೇಳದೆ ಹೋಗಿದ್ದರೆ ನಾಡು ಏನನ್ನು ಕಳೆದುಕೊಳ್ಳುತ್ತಿತ್ತು ಎಂಬುದನ್ನು ಇಂದು ನಾವು ಬಲ್ಲೆವು. ಯಾರೂ ಕೇಳದೆ ಹೋದ ಕಂಠಗಳೆಷ್ಟೋ, ಅವುಗಳ ಲೆಕ್ಕ ಯಾವ ಹಾಜರಿ ಪುಸ್ತಕದಲ್ಲಿಯೂ ಇಲ್ಲ. ನಮ್ಮ ಗ್ರಾಮಗಳ ಶಾಲೆಗಳಲ್ಲಿ ಆ ಲೆಕ್ಕ ಬೆಳೆಯದಂತೆ ನೋಡಿಕೊಳ್ಳುವುದು ಅಧ್ಯಾಪಕರೂ ಪಾಲಕರೂ ಕೂಡಿ ಮಾಡಬೇಕಾದ ಕಾರ್ಯವಾಗಿದೆ.