ತಾಳೆ ನೋಡದ ಲೆಕ್ಕ

ಕಂಪ್ಯೂಟರು ಲೆಕ್ಕ ತಪ್ಪುವುದಿಲ್ಲವೆಂಬ ಮಾತು ನಮ್ಮಲ್ಲಿ ರೂಢಿಯಾಗಿದೆ. ಕಳೆದ ವರ್ಷದವರೆಗೆ ನಾನೂ ಹಾಗೆಯೇ ನಂಬಿದ್ದೆ. ಸಂಖ್ಯಾಶಾಸ್ತ್ರದ ಸೆಮಿನಾರಿಗೆ ನಾನು ತಂದ ಉತ್ತರವನ್ನು ನೋಡಿ ನಮ್ಮ ಅಧ್ಯಾಪಕರು, "ಕೈಯಲ್ಲಿ ಮಾಡಿ ನೋಡಿದೆಯೇನಮ್ಮಾ?" ಎಂದು ಕೇಳಿದರು. "ಕಂಪ್ಯೂಟರಿನಲ್ಲೇ ಬಂದಿದೆ, ಸಾರ್" ಎಂದೆ. ಅವರು ಮರುಮಾತಾಡದೆ ಸೀಮೆಸುಣ್ಣವನ್ನು ನನ್ನ ಕೈಗಿತ್ತರು. ಹಲಗೆಯ ಮೇಲೆ ಬಂದ ಉತ್ತರವೇ ಬೇರೆ! ಆ ದಿನ ಕಲಿತದ್ದನ್ನು ಸಹಪಾಠಿಗಳ ಮುಂದಿಡುವುದಷ್ಟೇ ಈ ಲೇಖನದ ಉದ್ದೇಶ.

ಮೊದಲು ವಿಷಯದ ಪರಿಚಯ. ಒಂದು ಘಟನೆ ಇನ್ನೊಂದರ ಸಂಭವನೀಯತೆಯನ್ನು ಬದಲಿಸುತ್ತದೆಂಬುದನ್ನು ಬಿಂದುಗಳಿಂದಲೂ ಬಾಣಗಳಿಂದಲೂ ಚಿತ್ರಿಸಿದರೆ ಬೇಸ್ ಜಾಲವಾಗುತ್ತದೆ. ಇದಕ್ಕೆ ಆಧಾರವಾದ ಥಾಮಸ್ ಬೇಸರ ಪ್ರಬಂಧವು ಅವರು ತೀರಿಕೊಂಡ ಬಳಿಕ, 1763ರಲ್ಲಿ ಅಚ್ಚಾಯಿತು. ಜಾಲದ ರೂಪದಲ್ಲಿ ಇದನ್ನು ಬೆಳೆಸಿ 1988ರಲ್ಲಿ ಗ್ರಂಥ ಬರೆದ ಜೂಡಿಯಾ ಪರ್ಲ್ ಅವರಿಗೆ 2011ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಜಾಲದ ಪ್ರತಿಯೊಂದು ಬಿಂದುವಿಗೂ ಒಂದು ಸಂಖ್ಯಾಕೋಷ್ಟಕವಿರುತ್ತದೆ. ಕಂಪ್ಯೂಟರಿನಲ್ಲಿ ಈ ಕೋಷ್ಟಕಕ್ಕೆ 'ಅರೇ' ಎನ್ನುತ್ತಾರೆ.

ನನ್ನ ಲೆಕ್ಕ ತೀರ ಚಿಕ್ಕದು. ಮಳೆ ಬಂದಿರುವ ಸಂಭವ 0.2, ಬಾರದಿರುವುದು 0.8 ಎಂದಿಟ್ಟುಕೊಳ್ಳೋಣ. ಮಳೆ ಬಂದಿದ್ದರೆ ಅಂಗಳ ಒದ್ದೆಯಾಗಿರುವುದು 0.9, ಒಣಗಿರುವುದು 0.1. ಬಾರದಿದ್ದರೆ ಒದ್ದೆ 0.2, ಒಣ 0.8, ಯಾರಾದರೂ ನೀರು ಚಿಮುಕಿಸಿರಬಹುದಷ್ಟೆ. ಬೆಳಿಗ್ಗೆ ಅಂಗಳ ಒದ್ದೆಯಾಗಿದೆ. ಮಳೆ ಬಂದಿತ್ತೆನ್ನಲು ಎಷ್ಟು ಸಂಭವ? 0.2ನ್ನು 0.9ರಿಂದ ಗುಣಿಸಿದರೆ 0.18; 0.8ನ್ನು 0.2ರಿಂದ ಗುಣಿಸಿದರೆ 0.16. ಎರಡೂ ಕೂಡಿ 0.34. ಆದುದರಿಂದ ಉತ್ತರ 0.18ನ್ನು 0.34ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 0.53. ನನ್ನ ಪ್ರೋಗ್ರಾಮು ಕೊಟ್ಟಿದ್ದುದಾದರೋ 0.82!

ತಪ್ಪು ಎಲ್ಲಿ? ಕೋಷ್ಟಕದಲ್ಲಿ ಮಳೆ ಅಡ್ಡಸಾಲುಗಳಲ್ಲಿಯೂ ಅಂಗಳದ ಸ್ಥಿತಿ ಕಂಬಸಾಲುಗಳಲ್ಲಿಯೂ ಇತ್ತು. 0.2 ಮೊದಲನೆಯ ಅಡ್ಡಸಾಲನ್ನೂ 0.8 ಎರಡನೆಯದನ್ನೂ ಗುಣಿಸಬೇಕಾಗಿತ್ತು. ಆದರೆ ಪೈಥಾನ್ ಭಾಷೆಯೊಡನೆ ಬಳಸುವ ನಂಪೈಯಲ್ಲಿ, ಹೀಗೆ ಚಿಕ್ಕ ಅರೇಯನ್ನು ದೊಡ್ಡದರೊಡನೆ ಗುಣಿಸುವಾಗ ಕೊನೆಯ ದಿಕ್ಕಿನಿಂದ ಹೊಂದಿಸಿಕೊಂಡು ಬರಬೇಕೆಂಬ ನಿಯಮವಿದೆ. ಆದಕಾರಣ 0.2 ಮೊದಲ ಕಂಬಸಾಲನ್ನೂ 0.8 ಎರಡನೆಯ ಕಂಬಸಾಲನ್ನೂ ಗುಣಿಸಿದವು. ಒದ್ದೆಯ ಕಂಬಸಾಲಿನಲ್ಲಿ 0.18 ಮತ್ತು 0.04 ಉಳಿದವು, 0.18ನ್ನು 0.22ರಿಂದ ಭಾಗಿಸಿದರೆ 0.82. ಯಂತ್ರ ನಿಯಮ ಮೀರಲಿಲ್ಲ. ನಿಯಮವನ್ನು ಅರಿಯದವಳು ನಾನು.

ಹಾಗಾದರೆ ಯಂತ್ರ ಏಕೆ ಎಚ್ಚರಿಸಲಿಲ್ಲ? ಎರಡು ದಿಕ್ಕಿನಲ್ಲಿಯೂ ಎರಡೆರಡೇ ಸ್ಥಿತಿಗಳಿದ್ದುದರಿಂದ ಅಳತೆ ಹೊಂದಿಕೊಂಡಿತು. ಅಂಗಳಕ್ಕೆ ಒದ್ದೆ, ತೇವ, ಒಣ ಎಂದು ಮೂರು ಸ್ಥಿತಿಗಳಿದ್ದಿದ್ದರೆ ಅಳತೆ ಕೂಡುವುದಿಲ್ಲವೆಂದು ಪ್ರೋಗ್ರಾಮು ಅಲ್ಲಿಯೇ ನಿಲ್ಲುತ್ತಿತ್ತು. ನಿಂತುಹೋಗುವ ತಪ್ಪು ಉಪಕಾರಿ. ಮಾತಾಡದೆ ಮುಂದೆ ಸಾಗುವ ತಪ್ಪೇ ಅಪಾಯಕಾರಿ. ಇನ್ನೊಂದು ಮೋಸವೂ ಉಂಟು. ಕೊನೆಯಲ್ಲಿ ಮೊತ್ತದಿಂದ ಭಾಗಿಸುವುದರಿಂದ ತಪ್ಪು ಉತ್ತರವೂ ಕೂಡಿದರೆ 1 ಆಗಿ, ಸರಿಯಾದಂತೆಯೇ ಕಾಣುತ್ತದೆ.

ಇದರ ಸೋದರನಂತಹ ಮತ್ತೊಂದು ತಪ್ಪಿದೆ. 1 2 3, 4 5 6 ಎಂಬ ಎರಡು ಅಡ್ಡಸಾಲುಗಳನ್ನು ಮೂರಾಗಿ ತಿರುಗಿಸಬೇಕೆಂದರೆ 1 4, 2 5, 3 6 ಆಗಬೇಕು. 'ರೀಶೇಪ್' ಎಂಬ ಆಜ್ಞೆ ಕೊಟ್ಟರೆ 1 2, 3 4, 5 6 ಆಗುತ್ತದೆ. ಆಕಾರ ಒಂದೇ, ಅರ್ಥ ಬೇರೆ. ತಿರುಗಿಸಲು 'ಟ್ರಾನ್ಸ್‌ಪೋಸ್' ಎಂಬ ಬೇರೆಯ ಆಜ್ಞೆಯೇ ಇದೆ.

ಅಂಗಳದ ಲೆಕ್ಕ ತಪ್ಪಿದರೆ ಯಾರಿಗೂ ನಷ್ಟವಿಲ್ಲ. ಆದರೆ ಲಾರಿಟ್ಜನ್ ಮತ್ತು ಸ್ಪೀಗೆಲ್‌ಹಾಲ್ಟರ್ ಅವರು 1988ರಲ್ಲಿ ಕೊಟ್ಟ ಪ್ರಸಿದ್ಧ ಉದಾಹರಣೆ ಉಬ್ಬಸದ ರೋಗಿಯದು: ಕ್ಷಯವೋ, ಶ್ವಾಸಕೋಶದ ಕ್ಯಾನ್ಸರೋ, ಶ್ವಾಸನಾಳದ ಉರಿಯೂತವೋ? ಅಲ್ಲಿ ಎಂಟು ಬಿಂದುಗಳು. ಜಾಲವಿಲ್ಲದಿದ್ದರೆ 255 ಸಂಖ್ಯೆಗಳು ಬೇಕು. ಜಾಲವಿದ್ದರೆ 18 ಸಾಕು. ಆ ಎಂಟಕ್ಕೂ ಹೌದು, ಇಲ್ಲ ಎಂಬ ಎರಡೇ ಸ್ಥಿತಿಗಳೆಂಬುದನ್ನು ಗಮನಿಸಬೇಕು. ನನ್ನಂತಹವರ ತಪ್ಪು ಅಲ್ಲಿಯೂ ಸದ್ದಿಲ್ಲದೆ ಅಡಗಿಕೊಂಡೀತು; ಕ್ಷಯವಿಲ್ಲದವನಿಗೆ ಕ್ಷಯವೆಂದೂ ಹೇಳೀತು.

ಪರಿಹಾರವನ್ನು ನಾನು ಕಂಡುಕೊಂಡದ್ದು ಮನೆಯಲ್ಲಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ನಮ್ಮ ತಂದೆಯವರು ಏಳನೆಯ ತರಗತಿಗೆ ಓದು ಬಿಟ್ಟು ದಿನಸಿ ಅಂಗಡಿಯಲ್ಲಿ ಲೆಕ್ಕ ಬರೆಯುವವರು. ನನ್ನ ಪೆಚ್ಚುಮುಖ ಕಂಡು ಕಾರಣ ಕೇಳಿದರು, ಹೇಳಿದೆ. "ಅಡ್ಡ ಕೂಡಿದ್ದು, ಉದ್ದ ಕೂಡಿದ್ದು ತಾಳೆ ನೋಡಲಿಲ್ಲವೇನು ಮಗಾ?" ಎಂದರು. ಆ ರಾತ್ರಿಯೇ ಕೂಡಿ ನೋಡಿದೆ. ಸರಿಯಾಗಿ ಗುಣಿಸಿದ ಕೋಷ್ಟಕದಲ್ಲಿ ಅಡ್ಡಸಾಲುಗಳ ಮೊತ್ತ 0.2 ಮತ್ತು 0.8; ಮೊದಲಿಗೆ ಇಟ್ಟುಕೊಂಡ ಸಂಖ್ಯೆಗಳೇ ಹಿಂದಿರುಗಿ ಬಂದವು. ನನ್ನ ಕೋಷ್ಟಕದಲ್ಲಿ 0.26 ಮತ್ತು 0.68, ಒಟ್ಟು 0.94. ಕಳ್ಳ ಸಿಕ್ಕಿಬಿದ್ದ!

ಅಂದಿನಿಂದ ನಾನು ಮೂರು ನಿಯಮಗಳನ್ನು ಪಾಲಿಸುತ್ತಿದ್ದೇನೆ. ಒಂದು: ಕೊನೆಯ ಭಾಗಾಕಾರಕ್ಕೆ ಮೊದಲೇ ಮೊತ್ತಗಳನ್ನು ತಾಳೆ ನೋಡುವುದು. ಎರಡು: ಪರೀಕ್ಷೆಗಾಗಿ ಬೇಕೆಂದೇ 2, 3, 4 ಹೀಗೆ ಬೇರೆ ಬೇರೆ ಅಳತೆಯ ಕೋಷ್ಟಕಗಳನ್ನು ಬಳಸುವುದು, ಆಗ ದಿಕ್ಕು ತಪ್ಪಿದರೆ ಯಂತ್ರವೇ ಕೂಗಿ ಹೇಳುತ್ತದೆ. ಮೂರು: ಒಂದು ಚಿಕ್ಕ ಲೆಕ್ಕವನ್ನಾದರೂ ಕೈಯಲ್ಲಿ ಮಾಡುವುದು. ಒಂದು ಕೋಷ್ಟಕದಲ್ಲಿ 0 ಎಂದರೆ 'ಇಲ್ಲ', ಇನ್ನೊಂದರಲ್ಲಿ 0 ಎಂದರೆ 'ಹೌದು' ಎಂದಾಗಿದ್ದರೆ ಮೊತ್ತಗಳೆಲ್ಲ ಸರಿಯಾಗಿಯೇ ಇದ್ದು ಉತ್ತರ ಮಾತ್ರ ತಪ್ಪೀತು. ಅದನ್ನು ಹಿಡಿಯಬಲ್ಲುದು ಕೈಲೆಕ್ಕವೊಂದೇ.

ಸೀಮೆಸುಣ್ಣ ಕೊಟ್ಟ ಗುರುಗಳಿಗೂ ತಾಳೆ ನೋಡಲು ಕಲಿಸಿದ ತಂದೆಯವರಿಗೂ ನಾನು ಋಣಿ.