ನತ್ತಿಂಗಗಳು
ಹತ್ತಿಮತ್ತೂರಿನಂತಹ ಬಯಲು ನಾಡಿನ ಹೊಲಗಳ ಅಂಚು ನತ್ತಿಂಗ ಹಕ್ಕಿಗೆ ಒಪ್ಪುವ ನೆಲೆ. ಹಗಲೆಲ್ಲ ಅದು ತರಗೆಲೆಯಂತೆ ನೆಲಕ್ಕಂಟಿ ಕುಳಿತಿದ್ದು, ಮುಸ್ಸಂಜೆಯಾದೊಡನೆ ಅಗಲವಾದ ಬಾಯಿ ತೆರೆದು ಹಾರುತ್ತಲೇ ಪತಂಗ, ಜೀರುಂಡೆಗಳನ್ನು ಹಿಡಿಯುತ್ತದೆ.

ಬಯಲಿನ ಸಾಮಾನ್ಯ ನತ್ತಿಂಗದ ಉದ್ದ ಸುಮಾರು 24 ಸೆಂಟಿಮೀಟರು. ಪಶ್ಚಿಮದ ಮಲೆನಾಡಿನ ಕಾಡುಗಳನ್ನು ಮೆಚ್ಚುವ ಕಾಡು ನತ್ತಿಂಗ ಅದಕ್ಕಿಂತ ದೊಡ್ಡದು. ಎರಡರ ಬಣ್ಣವೂ ಮಾಸಲಾದುದರಿಂದ ಇರುಳಿನಲ್ಲಿ ಇವನ್ನು ಗುರುತಿಸಲು ಕಣ್ಣಿಗಿಂತ ಕಿವಿಯೇ ಮೇಲು. ಮೊದಲನೆಯದರ ಕೂಗು ನೆಲಕ್ಕೆ ಬಿಟ್ಟ ಚೆಂಡಿನ ಪುಟಿತದಂತೆ ಬರಬರುತ್ತ ಬಿರುಸಾಗಿ ಅಡಗುತ್ತದೆ. ಎರಡನೆಯದು ಒಂದೇ ಲಯದಲ್ಲಿ ‘ಚಕ್ಕು ಚಕ್ಕು’ ಎನ್ನುತ್ತಲೇ ಇರುತ್ತದೆ.

ಎರಡೂ ಗೂಡು ಕಟ್ಟದೆ ಬರಿನೆಲದ ಮೇಲೆಯೇ ಸಾಮಾನ್ಯವಾಗಿ ಎರಡು ಮೊಟ್ಟೆಗಳನ್ನಿಡುತ್ತವೆ. ಆದುದರಿಂದ ಬದುವಿನ ಹುಲ್ಲಿಗೆ ಹಚ್ಚಿದ ಬೆಂಕಿ ಮರಿಗಳಿಗೆ ಮೃತ್ಯುವಾಗುತ್ತದೆ. ಬೆಳೆಯ ಕೀಟಗಳನ್ನು ಕೂಲಿ ಕೇಳದೆ ಹಿಡಿಯುವ ಈ ಹಕ್ಕಿಗೆ ಅಂಗೈಯಗಲ ನೆಲವನ್ನು ಬಿಟ್ಟುಕೊಡುವುದು ರೈತನಿಗೇ ಹಿತ.